ಕಲ್ಬ್ ತಜ್ಞರ ರಜೆ ಅರ್ಜಿ

"ಹೃದಯಕ್ಕೆ ಅರಬ್ಬಿಯಲ್ಲಿ ಏನಂತಾರೆ?"

ಶ್ರೀರಂಗರು ಈ ಪ್ರಶ್ನೆ ಕೇಳಿದ್ದು ನನ್ನನ್ನಲ್ಲ. ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತ, ಸೌಟನ್ನು ಮೇಲೆತ್ತಿ, ಹೊಗೆ ದಬ್ಬುವ ಫ್ಯಾನಿನ ಕಡೆ ನೋಡಿ ಕೇಳಿದ್ದು. ಫ್ಯಾನು ಉತ್ತರ ಹೇಳಲಿಲ್ಲ. ನಾನು ಪಕ್ಕದ ಕೋಣೆಯಲ್ಲಿ ಮುಸ್ಸಂಜೆಯ ಮಗ್ರಿಬ್ ನಮಾಜು ಮುಗಿಸಿ ತಸ್ಬೀಹ್ ಮಣಿ ಎಣಿಸುತ್ತಿದ್ದೆ. ಎಪ್ಪತ್ತೆರಡಕ್ಕೆ ಬಂದಿತ್ತು. ನೂರು ಮುಗಿಯದೆ ಬೇರೆ ಮಾತಿಗೆ ಬಾಯಿ ಬಿಡುವ ಪದ್ಧತಿ ನನಗಿಲ್ಲ. ನೂರು ಮುಗಿಯುವಷ್ಟರಲ್ಲಿ ಅವರ ಮೊಬೈಲು ಉತ್ತರ ಹೇಳಿಯಾಗಿತ್ತು. ಆ ಇಪ್ಪತ್ತೆಂಟು ಮಣಿಗಳ ಸಂದಿಯಲ್ಲಿ ನಡೆದ ಅನಾಹುತವೇ ಈ ಕಥೆ.

"ಕಲ್ಬ್! ಇಷ್ಟೇನಾ? ಹತ್ತು ವರ್ಷದಿಂದ ಈ ದೇಶದಲ್ಲಿದ್ದು ಇದೊಂದು ಗೊತ್ತಿರ್ಲಿಲ್ಲ ನೋಡಿ," ಎಂದು ಶ್ರೀರಂಗರು ಸೌಟಿನಿಂದಲೇ ಗಾಳಿಯಲ್ಲಿ ಬರೆದುಕೊಂಡರು.

ನಮ್ಮಿಬ್ಬರದು ಅರಬ್ಬಿ ನಾಡಿನ ತಬೂಕ್ ಪಟ್ಟಣದಲ್ಲಿ ಎರಡು ಕೋಣೆಯ ಬಿಡಾರ. ಅವರು ಮೈಸೂರು ಕಡೆಯವರು. ಆಸ್ಪತ್ರೆಯ ಇಸಿಜಿ ಯಂತ್ರಗಳನ್ನು ರಿಪೇರಿ ಮಾಡುವ ಕೆಲಸ. ನಾನು ಉಪ್ಪಿನಂಗಡಿಯ ನೂರುದ್ದೀನ್. ಅದೇ ಆಸ್ಪತ್ರೆಯ ನಿರ್ದೇಶಕರ ಕಚೇರಿಯಲ್ಲಿ ಅರಬ್ಬಿ ಕಾಗದ ಟೈಪು ಮಾಡುವ ಗುಮಾಸ್ತ. ಹೆಚ್ಚು ಮಾತಾಡುವವನಲ್ಲ. ಸಣ್ಣವನಿದ್ದಾಗ ಉಮ್ಮ ಮುಸ್ಸಂಜೆಗೆ ಸಂತರ ಸ್ತುತಿಯ ಮಾಲೆ ಹಾಡುಗಳನ್ನು ರಾಗವಾಗಿ ಓದುತ್ತಿದ್ದರು, ನಾನು ಕೇಳುತ್ತಿದ್ದೆ. ಮದ್ರಸದಲ್ಲಿ ಉಸ್ತಾದರು ಬೆತ್ತ ಹಿಡಿದು ಓದಿಸುತ್ತಿದ್ದರು. ಅದನ್ನೂ ಕೇಳುತ್ತಿದ್ದೆ, ಬೆತ್ತ ಬಿದ್ದಾಗ ಇನ್ನೂ ಚೆನ್ನಾಗಿ ಕೇಳುತ್ತಿದ್ದೆ. ಆ ಬೆತ್ತದ ದೆಸೆಯಿಂದ ನನಗೆ ತಿಳಿದ ಒಂದು ಸಂಗತಿಯೆಂದರೆ, ಅರಬ್ಬಿಯಲ್ಲಿ ಕಕಾರ ಎರಡು. ಒಂದು ನಾಲಿಗೆಯದು. ಇನ್ನೊಂದು ಗಂಟಲಿನ ಬುಡದ್ದು. ಗಂಟಲಿನ ಕ ಹಾಕಿ ಕಲ್ಬ್ ಎಂದರೆ ಹೃದಯ. ನಾಲಿಗೆಯ ಕ ಹಾಕಿದರೆ ನಾಯಿ. ಇಲ್ಲಿಯ ಜನ ಆಡುಮಾತಿನಲ್ಲಿ ಹೃದಯವನ್ನು 'ಗಲ್ಬ್' ಎನ್ನುವುದರಿಂದ ಅವರಿಗೆ ಗೊಂದಲವೇ ಇಲ್ಲ. ಗೊಂದಲವೆಲ್ಲ ಒಂದೇ ಕ ಇರುವ ನಮ್ಮಂಥವರಿಗೆ.

ಇದನ್ನು ಹೇಳೋಣವೆಂದು ನಾನು ಅಡುಗೆಮನೆಗೆ ಹೋದರೆ ಶ್ರೀರಂಗರು ಆಗಲೇ ಫೋನಿನಲ್ಲಿ ಹೆಂಡತಿ ಸುಶೀಲಮ್ಮನವರ ಜತೆ ಮಾತಿಗೆ ಶುರುವಿಟ್ಟಿದ್ದರು. ಮಗಳು ಗಗನಾಳ ನಿಶ್ಚಿತಾರ್ಥ ಮುಂದಿನ ಭಾನುವಾರ. ಬೀಗರಾಗುವವರು ಹೋದ ತಿಂಗಳು ಮನೆಗೆ ಬಂದಾಗ ಬಂಗಾರದ ಅಂಚಿನ ವಿಸಿಟಿಂಗ್ ಕಾರ್ಡು ಕೊಟ್ಟು ಹೋಗಿದ್ದರಂತೆ. ಸುಶೀಲಮ್ಮನವರು ಬದಲಿಗೆ ಕೊಡಲು ಏನೂ ಇಲ್ಲದೆ ಎರಡು ನಿಂಬೆಹಣ್ಣು ಕೊಟ್ಟಿದ್ದರು. ಆ ನಿಂಬೆಹಣ್ಣು ಶ್ರೀರಂಗರ ಎದೆಯಲ್ಲಿ ಹುಳಿ ಹಿಂಡುತ್ತಲೇ ಇತ್ತು.

"ನಾನೂ ಕಾರ್ಡು ಮಾಡಿಸ್ತಿದೀನಿ ಸುಶೀ. ಒಂದು ಕಡೆ ಇಂಗ್ಲಿಷಲ್ಲಿ ಬರೀ ಹೆಸರು, ಫೋನ್ ನಂಬರು, ಇನ್ನೊಂದು ಕಡೆ ಅರಬ್ಬಿಯಲ್ಲಿ ಹೃದಯ ತಜ್ಞ!"

"ರೀ, ನೀವು ಮೆಷೀನು ರಿಪೇರಿಯೋರಲ್ವೇ?"

"ಹೃದಯದ ಮೆಷೀನು ತಾನೇ? ಮೆಷೀನ್ ಅನ್ನೋದು ಚಿಕ್ಕ ಕಾರ್ಡಲ್ಲಿ ಹಿಡಿಸಲ್ಲ."

ಕಾರ್ಡು ಅಚ್ಚಾದದ್ದು ಭಟ್ಕಳದ ಮೊಹಮ್ಮದ್ ಇಸ್ಮಾಯಿಲರ ಅಂಗಡಿಯಲ್ಲಿ. ಅವರು ಒಂದು ಸಲ ತಡೆದರಂತೆ: "ಕಲ್ಬ್ ಅಂತ್ಲೇ ಹಾಕ್ಲಾ ಸಾರ್? ಸರಿ ಗೊತ್ತುಂಟಲ್ಲ?"

"ಹತ್ತು ವರ್ಷದಿಂದ ಅದೇ ಕೆಲಸ ಕಣ್ರೀ ನಂದು," ಎಂದು ಶ್ರೀರಂಗರು ಗದರಿದರು. ದೊಡ್ಡಾಸ್ಪತ್ರೆಯಲ್ಲಿ ಏನೇನು ವಿಭಾಗ ಇದೆಯೋ, ಗಿರಾಕಿ ಹೇಳಿದ್ದೇ ಅಕ್ಷರ ಎಂದುಕೊಂಡು ಇಸ್ಮಾಯಿಲರು ಇನ್ನೂರು ಕಾರ್ಡು ಹೊಡೆದರು. ಬಂಗಾರದ ಅಂಚು. ನಡುವೆ ದಪ್ಪ ಅಕ್ಷರದಲ್ಲಿ: ಶ್ರೀರಂಗ, ನಾಯಿ ತಜ್ಞ.

ಇತ್ತ ಆಸ್ಪತ್ರೆಗೆ ಹೊಸ ನಿರ್ದೇಶಕರು ಬಂದು ಮೂರು ವಾರವಾಗಿತ್ತು. ಅವರನ್ನು ಎಲ್ಲರೂ ಅಬೂ ತುರ್ಕಿ ಎನ್ನುತ್ತಿದ್ದೆವು. ದೊಡ್ಡ ಮಗ ತುರ್ಕಿಯ ತಂದೆ ಎಂಬುದೇ ಹೆಸರು. ಬಂದವರೇ ಮೊದಲ ಸುತ್ತೋಲೆ ಹೊರಡಿಸಿದರು: ಆರೋಗ್ಯ ಸಚಿವಾಲಯದ ತಪಾಸಣೆ ಮುಗಿಯುವವರೆಗೆ ಹೃದಯ ವಿಭಾಗದ ಯಾರಿಗೂ ರಜೆ ಇಲ್ಲ. ಅದನ್ನು ಟೈಪು ಮಾಡಿದ್ದು ನಾನೇ. ಶ್ರೀರಂಗರ ಹನ್ನೆರಡು ದಿನದ ರಜೆ ಅರ್ಜಿಯ ಮೇಲೆ 'ಆಗದು' ಎಂಬ ಮೊಹರು ಒತ್ತಿದ್ದೂ ನಾನೇ. ಅವತ್ತು ಮನೆಯಲ್ಲಿ ನನಗೆ ಸಾರು ಸಿಗಲಿಲ್ಲ.

ಶುಕ್ರವಾರ ಬೆಳಗಿನ ವಿಮಾನಕ್ಕೆ ಟಿಕೆಟು ಇತ್ತು. ಭಾನುವಾರ ಮಗಳ ತಟ್ಟೆ ಬದಲಾಯಿಸಬೇಕು. ತಂದೆಯಿಲ್ಲದೆ ತಟ್ಟೆ ಬದಲಾಯಿಸಿದರೆ ಬೀಗರು ಏನೆಂದಾರು? "ನಿಮ್ಮ ಅಣ್ಣನ ಕೈಲಿ ಮಾಡಿಸ್ತೀನಿ ಬಿಡಿ, ಅವರಾದ್ರೂ ಹಾಜರಿರ್ತಾರೆ," ಎಂದು ಸುಶೀಲಮ್ಮನವರು ಹೇಳಿದ ಮಾತು ಶ್ರೀರಂಗರನ್ನು ಲಿಫ್ಟಿನವರೆಗೆ ನಡೆಸಿತು. ಯಾಕೆಂದರೆ ನಿರ್ದೇಶಕರು ಒಬ್ಬರೇ ಸಿಗುವುದು ಲಿಫ್ಟಿನಲ್ಲಿ. ಒಬ್ಬರೇ ಎಂದರೆ, ಫೈಲು ಹಿಡಿದ ನನ್ನನ್ನು ಬಿಟ್ಟು.

ಶ್ರೀರಂಗರಿಗೆ ಭಯವಾದಾಗ ಹದಿನೇಳರ ಮಗ್ಗಿ ಹೇಳುವ ಅಭ್ಯಾಸ. ಅವರ ತಾತ ಹೆಸರಾಂತ ಗಮಕಿಗಳು. ಮೊಮ್ಮಗನಿಗೆ ಪದ್ಯಗಳೆಲ್ಲ ಮರೆತುಹೋಗಿ ರಾಗ ಮಾತ್ರ ಉಳಿದಿತ್ತು. ಖಾಲಿ ರಾಗಕ್ಕೆ ಅವರು ಮಗ್ಗಿ ತುಂಬಿಕೊಂಡಿದ್ದರು. "ಹದಿನೇಳೊಂದ್ಲ ಹದಿನೇಳು..." ಎಂದು ಸಾವೇರಿಯಲ್ಲಿ ಗುನುಗುತ್ತ ಅವರು ಲಿಫ್ಟಿಗೆ ಹತ್ತಿದರು, ಕಾರ್ಡು ಚಾಚಿದರು.

ಅಬೂ ತುರ್ಕಿ ಓದಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು.

ಮುಂದಿನ ಸಂಭಾಷಣೆ ನಡೆದದ್ದು ಅರ್ಧ ಅರಬ್ಬಿ, ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆ, ಹೀಗೆ ಒಟ್ಟು ಒಂದೂವರೆ ಭಾಷೆಯಲ್ಲಿ. ಕನ್ನಡದಲ್ಲಿ ಇಷ್ಟು:

"ಕಲ್ಬ್? ನೀನು? ನಮ್ಮ ಆಸ್ಪತ್ರೆಯಲ್ಲಿ?"

"ಹೌದು ಸರ್. ಹತ್ತು ವರ್ಷ. ದಿನಕ್ಕೆ ಇಪ್ಪತ್ತು ಕಲ್ಬ್."

"ಇಪ್ಪತ್ತು! ನನಗೆ ಯಾರೂ ಹೇಳಲಿಲ್ಲವಲ್ಲ." ನಿರ್ದೇಶಕರು ನನ್ನ ಕಡೆ ನೋಡಿದರು. ನಾನು ಬಾಯಿ ತೆರೆದೆ. ಅವರು ಐದು ಬೆರಳು ಜೋಡಿಸಿ 'ತಾಳು' ಎಂದು ಸನ್ನೆ ಮಾಡಿದರು. ಬಾಯಿ ಮುಚ್ಚಿದೆ. "ಕೆಟ್ಟ ಕಲ್ಬ್ ಕೂಡ ನೋಡುತ್ತೀಯಾ?"

"ಕೆಟ್ಟದ್ದೇ ಬರೋದು ಸರ್ ನನ್ನ ಹತ್ರ. ಒಳ್ಳೇದು ಯಾಕೆ ಬರುತ್ತೆ?"

"ನನ್ನದೊಂದಿದೆ. ಬಹಳ ಹಾರುತ್ತದೆ."

"ಹಾರಾಟ ಸಾಮಾನ್ಯ ಸರ್. ನಿಮ್ಮ ವಯಸ್ಸಲ್ಲಿ ಇರುತ್ತೆ."

"ಅತಿಥಿಗಳು ಬಂದರೆ ಸಾಕು, ಹುಚ್ಚೆದ್ದು ಓಡುತ್ತದೆ."

"ಅದು ಟೆನ್ಷನ್ನು."

"ಹಗ್ಗ ಹಾಕಿದರೂ ನಿಲ್ಲುವುದಿಲ್ಲ."

ಶ್ರೀರಂಗರು ಇಲ್ಲಿ ಕ್ಷಣಕಾಲ ತಡವರಿಸಿದರು. ಆದರೆ ರಜೆ ಎದುರಿಗೆ ನಿಂತಿರುವಾಗ ಹಗ್ಗ ಯಾವ ಲೆಕ್ಕ? "ಹಗ್ಗ ಬೇಡ ಸರ್. ನಾನು ಎರಡು ಕೈಗೆ, ಎರಡು ಕಾಲಿಗೆ ಕ್ಲಿಪ್ಪು ಹಾಕ್ತೀನಿ. ಎದೆ ಮೇಲೆ ಆರು ಬಟ್ಟಲು ಒತ್ತಿ ಕೂರಿಸ್ತೀನಿ. ಐದೇ ನಿಮಿಷ. ಎಂಥದ್ದೂ ಅಲುಗಾಡಲ್ಲ."

ಅಬೂ ತುರ್ಕಿಯವರ ಮುಖದ ಮೇಲೆ ಮೂರು ವಾರದಲ್ಲಿ ಮೊದಲ ಬಾರಿ ಭಕ್ತಿ ಕಾಣಿಸಿತು. "ನಾಳೆ ಇಳಿಹೊತ್ತಿನ ಅಸರ್ ನಮಾಜಿನ ಮೇಲೆ ನನ್ನ ಮಜ್ರಾಕ್ಕೆ ಬಾ. ಇದು ಸರಿಹೋದರೆ, ನೀನು ಏನು ಕೇಳಿದರೂ ನಾನು ಯೋಚಿಸುತ್ತೇನೆ. ನೂರುದ್ದೀನ್, ನೀನೂ ಬಾ. ಇವನ ಅರಬ್ಬಿ ನನಗೆ ಪೂರ್ತಿ ಹಿಡಿಯುತ್ತಿಲ್ಲ."

ಮಜ್ರಾ ಎಂದರೆ ತೋಟ. ನಗರದಿಂದ ಅರ್ಧ ಗಂಟೆಯ ಹಾದಿ.

ಸಂಜೆ ಹೇಳೋಣವೆಂದರೆ ಶ್ರೀರಂಗರು ಮತ್ತೆ ಫೋನಿನಲ್ಲಿ: "ಡೈರೆಕ್ಟರ್ ಹೃದಯ ನನ್ನ ಕೈಲಿದೆ ಸುಶೀ!" ಮಾರನೆಯ ದಿನ ಹಾದಿಯಲ್ಲಿ ಹೇಳೋಣವೆಂದರೆ ಕಾರು ಓಡಿಸುತ್ತಿದ್ದವರೇ ಅಬೂ ತುರ್ಕಿ. ನಾಲ್ಕು ಸಲ ಪ್ರಯತ್ನಪಟ್ಟವನ ಮೇಲೆ ದೋಷವಿಲ್ಲ ಎಂದು ಯಾರಾದರೂ ಹೇಳಿದ್ದರೆ ಒಳ್ಳೆಯದಿತ್ತು.

ತೋಟದ ಗೇಟು ತೆರೆದವನು ಅಣ್ಣು. ಕುಂದಾಪುರ ಬದಿಯವನು, ಅಲ್ಲಿಯ ಮೇಲ್ವಿಚಾರಕ. ಶ್ರೀರಂಗರ ಟೈ, ಹೆಗಲಿನ ಇಸಿಜಿ ಪೆಟ್ಟಿಗೆ, ಅದರಿಂದ ಇಳಿಬಿದ್ದ ತಂತಿಗಳನ್ನು ನೋಡಿ ನನ್ನ ಕಿವಿಯಲ್ಲಿ ಕೇಳಿದ: "ಇದೆಂತ ಮಾರಾಯ್ರೆ, ಕರೆಂಟ್ ಕೊಡ್ಲಿಕ್ಕಾ? ಪಾಪ ಅಲ್ದಾ ಅದಕ್ಕೆ?"

ತೋಟದ ನಡುವೆ ಅತಿಥಿಗಳು ಕೂರುವ ಉದ್ದನೆಯ ಮಜ್ಲಿಸ್. ಒಳಗೆ ಅಬೂ ತುರ್ಕಿಯವರ ತಂದೆ ಮತ್ತು ಅವರ ಎಂಟು ಗೆಳೆಯರು ಕಾವಾ ಕಾಫಿ ಕುಡಿಯುತ್ತಿದ್ದರು. ತಂದೆಯನ್ನು ಎಲ್ಲರೂ ಶಾಯಿಬ್, ಎಂದರೆ ಅಜ್ಜ, ಎಂದೇ ಕರೆಯುತ್ತಿದ್ದರು. ಬಾಗಿಲ ಹೊರಗೆ ಚಪ್ಪಲಿಗಳು ಸಾಲಾಗಿದ್ದವು. ನಾನು ಎಣಿಸಿದೆ. ಜನ ಒಂಬತ್ತು, ಚಪ್ಪಲಿ ಹನ್ನೊಂದು.

"ಎಲ್ಲಿ ಸರ್ ಮಲಗ್ತೀರಾ?" ಎಂದರು ಶ್ರೀರಂಗರು, ಕ್ಲಿಪ್ಪು ಬಿಡಿಸುತ್ತ.

"ನಾನೇಕೆ ಮಲಗಲಿ?" ಎಂದು ಅಬೂ ತುರ್ಕಿ ಶಿಳ್ಳೆ ಹಾಕಿದರು. "ಬರ್ಕ್!"

ಖರ್ಜೂರದ ಮರಗಳ ಹಿಂದಿನಿಂದ ಅದು ಬಂತು. ಒಂದು ಕಣ್ಣು ನೀಲಿ, ಇನ್ನೊಂದು ಕಂದು. ತೋಳದ ಮುಖ, ಕರಡಿಯ ಮೈ. ಹಿಮದ ನಾಡಿನ ಹಸ್ಕಿ ಜಾತಿ. ಮಗ ತುರ್ಕಿ ರಿಯಾದಿನಿಂದ ತಂದು, ಒಂದು ವರ್ಷ ಮುದ್ದುಮಾಡಿ, ಓದಲಿಕ್ಕೆ ವಿದೇಶಕ್ಕೆ ಹೋಗಿದ್ದ. ನಾಯಿಯ ಬಾಯಲ್ಲಿ ಒಂದು ಕಂದು ಚಪ್ಪಲಿ ಇತ್ತು.

ಶ್ರೀರಂಗರು ನಾಯಿಯನ್ನು ನೋಡಿದರು, ನಿರ್ದೇಶಕರನ್ನು ನೋಡಿದರು, ಕೈಯ ಕ್ಲಿಪ್ಪನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ನಾನು ಆಕಾಶ ನೋಡಿದೆ.

"ಕಲ್ಬ್," ಎಂದೆ ಮೆಲ್ಲಗೆ. "ನಾಯಿ."

"ಹದಿನೇಳೊಂದ್ಲ ಹದಿನೇಳು," ಎಂದರು ಶ್ರೀರಂಗರು, ಇನ್ನೂ ಮೆಲ್ಲಗೆ.

"ಈ ತಂತಿ ಏಕೆ?" ಅಬೂ ತುರ್ಕಿಯವರ ಪ್ರಶ್ನೆ ಬಂತು.

ಸತ್ಯ ಹೇಳಿದರೆ ರಜೆ ಹೋಯಿತು. ಶ್ರೀರಂಗರು ಟೈ ಬಿಗಿಮಾಡಿಕೊಂಡರು. "ಸರ್, ಮೊದಲು ಕಲ್ಬ್‌ನ ಕಲ್ಬ್ ನೋಡ್ಬೇಕು. ಕಲ್ಬ್ ಸರಿ ಇಲ್ದಿದ್ರೆ ಕಲ್ಬ್ ಹೇಗೆ ಸರಿ ಇರುತ್ತೆ?"

ನಿರ್ದೇಶಕರು ನನ್ನ ಕಡೆ ತಿರುಗಿದರು. "ನಾಯಿಯ ಹೃದಯ ಎನ್ನುತ್ತಿದ್ದಾರೆ," ಎಂದು ಅನುವಾದಿಸಿದೆ, ಗಂಟಲಿನದನ್ನು ಗಂಟಲಿನಿಂದ, ನಾಲಿಗೆಯದನ್ನು ನಾಲಿಗೆಯಿಂದ. ಅಬೂ ತುರ್ಕಿ ಕಾರ್ಡನ್ನು ಜೇಬಿನಿಂದ ತೆಗೆದು ಮತ್ತೊಮ್ಮೆ ನೋಡಿ ಮತ್ತೆ ಜೇಬಿಗಿಟ್ಟರು. ಆ ಹೊತ್ತಿಗೇ ಅವರಿಗೆ ಎಲ್ಲ ತಿಳಿಯಿತೆಂದು ನನ್ನ ಅನುಮಾನ. ಆದರೆ ನೆಂಟ ಮನೆಬಾಗಿಲಿಗೆ ಬಂದಾಗಿದೆ, ಅವನ ಮುಖಭಂಗ ಮಾಡುವುದು ಆ ಕಡೆಯ ಜನರ ರೀತಿಯಲ್ಲ.

ಅಷ್ಟರಲ್ಲಿ ಶಾಯಿಬ್ ಬಾಗಿಲಿಗೆ ಬಂದರು. ಎಡಗಾಲಿಗೆ ಕಪ್ಪು ಚಪ್ಪಲಿ, ಬಲಗಾಲು ಬರಿದು.

"ಇವನೋ ನಿನ್ನ ಹಿಂದೂಸ್ತಾನದ ಹಕೀಮ?" ಎಂದು ಕೋಲಿನಿಂದ ಶ್ರೀರಂಗರನ್ನು ತೋರಿಸಿದರು. "ಕೇಳು. ಈ ಪ್ರಾಣಿ ಒಂದು ಜೋಡಿಯಲ್ಲಿ ಒಂದನ್ನೇ ಒಯ್ಯುತ್ತದೆ. ಎರಡೂ ಒಯ್ದರೆ ಕಳ್ಳ ಎನ್ನಬಹುದಿತ್ತು. ಒಂದೇ ಒಯ್ದರೆ ಅದು ಅಪಹಾಸ್ಯ. ನನ್ನ ಗೆಳೆಯರು ಒಂದು ವರ್ಷದಿಂದ ಒಬ್ಬರ ಕಾಲಿನದನ್ನು ಇನ್ನೊಬ್ಬರು ಹಾಕಿ ಮನೆಗೆ ಹೋಗುತ್ತಿದ್ದಾರೆ. ಗುರುವಾರದೊಳಗೆ ಸರಿಹೋದರೆ ಸರಿ. ಇಲ್ಲದಿದ್ದರೆ ಕುರಿ ಕಾಯುವವರ ಲಾರಿ ಹತ್ತಿಸಿ ಮರುಭೂಮಿಗೆ."

"ತುರ್ಕಿಗೆ ಏನು ಹೇಳಲಿ ಅಪ್ಪಾ? ದಿನಾ ವಿಡಿಯೋದಲ್ಲಿ ಅದನ್ನೇ ಕೇಳುತ್ತಾನೆ. ನನ್ನನ್ನು ಕೇಳುವುದೇ ಇಲ್ಲ," ಎಂದರು ಆರುನೂರು ನೌಕರರನ್ನು ನಡುಗಿಸುವ ನಿರ್ದೇಶಕರು.

ಚಿಕಿತ್ಸೆ ಆರಂಭವಾಯಿತು.

"ಸಿಟ್!" ಎಂದರು ಶ್ರೀರಂಗರು, ಹತ್ತು ಮಾರು ದೂರದಿಂದ. ಬರ್ಕ್ ಬಾಲ ಆಡಿಸಿತು. "ಕೂತ್ಕೋ! ಕೂತ್ಕೊಳ್ಳಿ!" ಗೌರವ ಕೊಟ್ಟರೂ ಕೂರಲಿಲ್ಲ. "ಕುಳ್ಕೋ ಅಂದ್ರೆ ಕುಳ್ಕೋ!" ಎಂದು ಅಣ್ಣು ಕುಂದಾಪುರದ ಗಂಟಲಿನಲ್ಲಿ ಕೂಗಿ ಚಪ್ಪಲಿಗೆ ಕೈಹಾಕಿದ. ಅಷ್ಟೇ ಸಾಕಾಯಿತು. ಬರ್ಕ್ ಹಾರಿತು. ಅಣ್ಣು ಅದರ ಹಿಂದೆ, ಅಣ್ಣುವಿನ ಹಿಂದೆ ನಿಲುವಂಗಿ ಮೊಣಕಾಲಿಗೆತ್ತಿದ ಅಬೂ ತುರ್ಕಿ, ಅವರ ಹಿಂದೆ ಮಜ್ಲಿಸಿನ ಎಂಟು ಹಿರಿಯರು, ಒಬ್ಬೊಬ್ಬರೂ ಒಂದೊಂದು ಚಪ್ಪಲಿಯಲ್ಲಿ. "ಅತ್ತ ತಡೆ!" "ಇತ್ತ ಬಂತು!" "ನನ್ನದು ಕಂದು!" ಎಪ್ಪತ್ತು ದಾಟಿದ ಒಬ್ಬರು ನೀರಿನ ಕಾಲುವೆಯನ್ನು ಜಿಗಿದದ್ದನ್ನು ನಾನು ಕಣ್ಣಾರೆ ಕಂಡೆ. ಬರ್ಕ್ ನಡುನಡುವೆ ನಿಂತು, ಎಲ್ಲರೂ ಬರುತ್ತಿದ್ದಾರೆಯೇ ಎಂದು ಹಿಂದಿರುಗಿ ನೋಡಿಕೊಂಡು ಮುಂದೆ ಓಡುತ್ತಿತ್ತು.

ನಾನು ಒಂದು ಬೆಂಚಿನ ಮೇಲೆ ಹತ್ತಿ ನಿಂತಿದ್ದೆ. ನಾಯಿಯ ಎಂಜಲು ತಾಗಿದರೆ ನಮ್ಮಲ್ಲಿ ಏಳು ಸಲ ತೊಳೆಯಬೇಕು, ಒಂದು ಸಲ ಮಣ್ಣು ಹಾಕಿ. ಬರ್ಕ್ ಹೋಗುವ ದಾರಿಯಲ್ಲಿ ಬೆಂಚಿಗೆ ಬಂದು ನನ್ನ ಪ್ಯಾಂಟನ್ನು ಒಂದೇ ಸಲ ನೆಕ್ಕಿ ಹೋಯಿತು.

ಶ್ರೀರಂಗರು ಮಾತ್ರ ಓಡಲಿಲ್ಲ. ಅವರ ಮೊಣಕಾಲಿನ ಚಿಪ್ಪು ನಾಲ್ಕು ವರ್ಷದಿಂದ ಅವರ ಮಾತು ಕೇಳುತ್ತಿರಲಿಲ್ಲ. ಬಾವಿಯ ಕಟ್ಟೆಯ ಮೇಲೆ ಕುಸಿದು, ಕಣ್ಣುಮುಚ್ಚಿ, ಮಗಳನ್ನು ನೆನೆದು, ತಾತನ ಸಾವೇರಿಯನ್ನು ಎತ್ತಿದರು.

"ಹದಿನೇಳೊಂದ್ಲ ಹದಿನೇಳೂ... ಹದಿನೇಳೆರಡ್ಲ ಮೂವತ್ತನಾಲ್ಕೂ..."

ಬರ್ಕ್ ನಿಂತಿತು. ಕಿವಿ ನೆಟ್ಟಗಾಯಿತು.

"ಹದಿನೇಳ್ಮೂರ್ಲ ಐವತ್ತೊಂದೂ..."

ಒಂದೊಂದೇ ಹೆಜ್ಜೆ ಇಟ್ಟು ಕಟ್ಟೆಯ ಬುಡಕ್ಕೆ ಬಂತು. ಅರವತ್ತೆಂಟಕ್ಕೆ ಕೂತಿತು. ಎಂಬತ್ತೈದಕ್ಕೆ ಚಪ್ಪಲಿ ಬಾಯಿಂದ ಬಿತ್ತು. ಶ್ರೀರಂಗರು ಹದಿನೇಳೇಳ್ಲ ಎಂಬಲ್ಲಿ ತಾರಸ್ಥಾಯಿಗೆ ಏರುವುದು ರೂಢಿ. ಅಲ್ಲಿ ಬರ್ಕ್ ಮೂತಿ ಆಕಾಶಕ್ಕೆತ್ತಿ, "ಊ..." ಎಂದು ಶ್ರುತಿ ಹಿಡಿಯಿತು. ಉಮ್ಮನ ಕಾಲದಿಂದ ಕೇಳುತ್ತ ಬಂದ ಕಿವಿ ನನ್ನದು; ಸುಳ್ಳು ಹೇಳುವುದಿಲ್ಲ. ಶ್ರುತಿ ಸರಿಯಾಗಿತ್ತು. ಶ್ರೀರಂಗರದ್ದೇ ಸ್ವಲ್ಪ ಮೇಲಿತ್ತು.

"ಸಿಕ್ತು!" ಎಂದು ಅಣ್ಣು ಚಪ್ಪಲಿಗೆ ಹಾರಿದ. ಬರ್ಕ್ ಅದನ್ನು ಕಚ್ಚಿ ಮಿಂಚಿನಂತೆ ಮಾಯ. ಮತ್ತೆ ಎಂಟು ಹಿರಿಯರು ಎದ್ದರು.

"ಅವರು ಓಡ್ತಾರೆ ಅಂತ ಅದು ಓಡ್ತದೆ," ಎಂದೆ ನಾನು ಬೆಂಚಿನ ಮೇಲಿನಿಂದ. ಅವತ್ತು ತೋಟದಲ್ಲಿ ನಾನು ಸ್ವಂತವಾಗಿ ಆಡಿದ ಮಾತು ಅದೊಂದೇ.

ಶ್ರೀರಂಗರು ಕೂಡಲೇ ಎದ್ದು ನಿಂತು ಅದನ್ನು ಶಾಸ್ತ್ರ ಮಾಡಿದರು. "ಸರ್! ಕಾಯಿಲೆ ಗೊತ್ತಾಯ್ತು. ಕಾಯಿಲೆ ನಾಯಿಗಲ್ಲ. ಇವರಿಗೆ. ಇವತ್ತಿಂದ ಯಾರೂ ಓಡ್ಕೂಡದು!"

ಮಜ್ಲಿಸಿನಲ್ಲಿ ಸೂತಕದ ಕಳೆ ಬಿತ್ತು. ಕಾಲುವೆ ಜಿಗಿದವರು ಅತ್ಯಂತ ಖಿನ್ನರಾಗಿ, "ಸ್ವಲ್ಪವೂ ಓಡಬಾರದೋ?" ಎಂದು ಕೇಳಿದರು. ಅವರು ದಿನಾ ಬರುತ್ತಿದ್ದುದೇ ಅದಕ್ಕಿರಬೇಕು.

ಮನೆಗೆ ಬಂದು ನಾನು ಪ್ಯಾಂಟು ತೊಳೆಯಲು ಕುಳಿತೆ. ಶ್ರೀರಂಗರು ಬಚ್ಚಲ ಬಾಗಿಲಲ್ಲಿ ನಿಂತರು.

"ಎರಡು ಕ ಇದೆ ಅಂತ ಮೊದಲೇ ಹೇಳ್ಬಾರದಿತ್ತಾ ನೂರಣ್ಣಾ?"

"ನೀವು ನನ್ನನ್ನು ಎಲ್ಲಿ ಕೇಳಿದ್ರಿ? ಫ್ಯಾನಿನ ಹತ್ರ ಕೇಳಿದ್ದಲ್ವಾ?"

"ಆ ಗಂಟಲಿಂದು ಹೇಳ್ಕೊಡಿ ಈಗಾದ್ರೂ."

ಹೇಳಿಕೊಟ್ಟೆ, ಎರಡೂ ಅಕ್ಷರವನ್ನು ಬರೆದೂ ತೋರಿಸಿದೆ. ಅವರು ಅಭ್ಯಾಸ ಮಾಡಿದರು. ಮೂರನೆಯ ಪ್ರಯತ್ನಕ್ಕೆ ಮೇಲಿನ ಮನೆಯ ಜುವೈರಿಯಾ ಬಾಗಿಲು ಬಡಿದು, "ಯಾರಿಗೋ ಮೀನಿನ ಮುಳ್ಳು ಸಿಕ್ಕಿದ ಹಾಗೆ ಕೇಳ್ತಾ ಉಂಟು, ಬಾಳೆಹಣ್ಣು ತಂದಿದ್ದೇನೆ, ನುಂಗ್ಲಿಕ್ಕೆ ಹೇಳಿ," ಎಂದು ಕೊಟ್ಟುಹೋದರು. ಶುದ್ಧ ಸಸ್ಯಾಹಾರಿಗಳಾದ ಶ್ರೀರಂಗರನ್ನು ಆ ಅಪವಾದ ಎಲ್ಲಕ್ಕಿಂತ ಹೆಚ್ಚು ನೋಯಿಸಿತು.

ಸುಶೀಲಮ್ಮನವರಿಗೂ ವಿಷಯ ಮುಟ್ಟಿತು. "ರೀ, ನಮ್ಮ ಬೀದಿ ನಾಯಿಗೆ ಹೆದರಿ ಹಾಲಿನ ಬೂತಿಗೆ ನನ್ನ ಕಳಿಸ್ತಿದ್ರಿ. ಅಲ್ಲಿ ನಾಯಿಗೆ ಮೇಷ್ಟ್ರಾ?" ಎಂದರು. "ಭಾನುವಾರ ಬರ್ದೇ ಇದ್ರೆ ಅಲ್ಲೇ ಅದರ ಜತೆ ಇದ್ಬಿಡಿ."

ಮುಂದಿನ ದಿನಗಳಲ್ಲಿ ನಡೆದ ಶಿಕ್ಷಣಕ್ರಮವನ್ನು ಆಸಕ್ತರ ಉಪಯೋಗಕ್ಕಾಗಿ ಹೇಳುತ್ತೇನೆ. ಬರ್ಕ್ ಚಪ್ಪಲಿ ಎತ್ತಿಕೊಂಡಾಗ ಯಾರೂ ಅದರ ಕಡೆ ನೋಡುವಂತಿಲ್ಲ. ಶ್ರೀರಂಗರು ಕಟ್ಟೆಯ ಮೇಲೆ ಕೂತು ಮಗ್ಗಿ ಎತ್ತುತ್ತಾರೆ. ಅದು ಬಂದು ಚಪ್ಪಲಿ ಬಿಟ್ಟರೆ, ಬದಲಿಗೆ ಒಂದು ತುಂಡು ಬೇಯಿಸಿದ ಕೋಳಿ. ಇಲ್ಲಿ ಒಂದು ತೊಡಕು ಬಂತು. ಶ್ರೀರಂಗರು ಮಾಂಸ ಮುಟ್ಟುವುದಿಲ್ಲ. ಮಾಂಸ ಮುಟ್ಟುವ ನಾನು ನಾಯಿಯ ಬಾಯಿಯ ಹತ್ತಿರ ಹೋಗುವುದಿಲ್ಲ. ಅಣ್ಣು ಎರಡನ್ನೂ ಮುಟ್ಟುತ್ತಾನೆ, ಆದರೆ ಅವನನ್ನು ಕಂಡರೆ ಬರ್ಕ್ ಓಟಕ್ಕೆ ಅಣಿಯಾಗುತ್ತದೆ. ಕೊನೆಗೆ ಇಸಿಜಿ ಪೆಟ್ಟಿಗೆ ಕೆಲಸಕ್ಕೆ ಬಂತು. ನಾನು ಕೋಳಿಯ ತುಂಡನ್ನು ಕ್ಲಿಪ್ಪಿಗೆ ಸಿಕ್ಕಿಸುವುದು. ಶ್ರೀರಂಗರು ಮುಖ ಆಚೆ ತಿರುಗಿಸಿ, ತಂತಿಯ ತುದಿ ಹಿಡಿದು, ಗಾಳ ಹಾಕಿದಂತೆ ಇಳಿಬಿಡುವುದು. ಪ್ರಪಂಚದ ನಾಯಿ ಶಿಕ್ಷಣದಲ್ಲಿ ಬಲಗೈಯ ಕೆಂಪು ಕ್ಲಿಪ್ಪನ್ನು ಹೀಗೆ ಬಳಸಿದ್ದು ಇದೇ ಮೊದಲೆಂದು ನನ್ನ ನಂಬಿಕೆ.

ಸೋಮವಾರ ಬರ್ಕ್ ಏಳು ಚಪ್ಪಲಿ ಕದ್ದು ಮೂರನ್ನು ತಂದುಕೊಟ್ಟಿತು. ಮಂಗಳವಾರ ಐದು ಕದ್ದು ಐದನ್ನೂ ಕೊಟ್ಟಿತು. ಜತೆಗೆ ಎಲ್ಲಿಂದಲೋ ಅಗೆದು ತಂದ ಹೋದ ವರ್ಷದ್ದೊಂದು. ಕಾಲುವೆ ಜಿಗಿದ ಹಿರಿಯರು ಅದನ್ನು ಕಂಡು, ಕಳೆದುಹೋದ ಒಂಟೆ ಸಿಕ್ಕಿದವರಂತೆ ಎದೆಗೊತ್ತಿಕೊಂಡರು. ಹಿರಿಯರು ತಮ್ಮ ತಮ್ಮ ಮೊಣಕಾಲುಗಳನ್ನು ಕೈಯಿಂದ ಅದುಮಿ ಹಿಡಿದು ಕೂರುವುದನ್ನು ಕಲಿತರು. ನಾಯಿಗಿಂತ ಅವರಿಗೇ ಹೆಚ್ಚು ಕಷ್ಟವಾಯಿತು.

ಶಾಯಿಬ್ ಮಾತ್ರ ಏನೂ ಹೇಳದೆ ಬಾಗಿಲ ಬಳಿ ಕೂತು ಕೇಳುತ್ತಿದ್ದರು. ಮಂಗಳವಾರ ನನ್ನನ್ನು ಕರೆದು, "ಇವನು ಓದುವುದು ಕವಿತೆಯೋ?" ಎಂದರು.

"ಅಲ್ಲ, ಲೆಕ್ಕ."

"ಯಾವುದರ ಲೆಕ್ಕ?"

"ಹದಿನೇಳರ."

"ಹದಿನೇಳು ಏನು?"

"ಏನೂ ಇಲ್ಲ. ಬರೀ ಹದಿನೇಳು."

ಅವರು ಕೋಲನ್ನು ನೆಲಕ್ಕೆ ಊರಿದರು. "ನನ್ನ ತಂದೆ ಒಂಟೆಗಳಿಗೆ ಹಾಡುತ್ತಿದ್ದರು. ಹಾಡು ನಿಂತರೆ ಒಂಟೆ ನಿಲ್ಲುತ್ತಿತ್ತು. ಪ್ರಾಣಿ ಅರ್ಥ ಕೇಳುವುದಿಲ್ಲ, ತೂಕ ಕೇಳುತ್ತದೆ. ಇವನಿಗೆ ಇನ್ನೂ ನಿಧಾನವಾಗಿ ಓದಲು ಹೇಳು. ಆರನೆಯ ಸಾಲು ನನಗೆ ಹಿಡಿಯುತ್ತಿಲ್ಲ."

ಬುಧವಾರ ಪರೀಕ್ಷೆ. ಶಾಯಿಬ್ ಊರಿನ ಹದಿನಾಲ್ಕು ಹಿರಿಯರನ್ನು ಕರೆಸಿದ್ದರು. ಬಾಗಿಲಲ್ಲಿ ಮೂವತ್ತು ಚಪ್ಪಲಿ. ಎಲ್ಲಕ್ಕಿಂತ ಮುಂದೆ ಶಾಯಿಬರ ಹೊಸ ಜೋಡಿ, ಅಂಗಡಿಯ ವಾಸನೆಯೂ ಹೋಗಿರದಂಥದ್ದು. ಶ್ರೀರಂಗರಿಗೆ ಗಂಟಲು ಕಟ್ಟಿತ್ತು. ಮೂರು ದಿನ ಆ ಎರಡನೆಯ ಕಕಾರವನ್ನು ಕೆಮ್ಮಿದ್ದರ ಫಲ. ಮಗ್ಗಿ ಎತ್ತಿದರೆ ಗಾಳಿ ಮಾತ್ರ ಬಂತು.

"ಧ್ವನಿ ಇಲ್ಲ ನೂರಣ್ಣಾ," ಎಂದು ಪಿಸುಗುಟ್ಟಿದರು. "ಹೋಯ್ತು. ತಟ್ಟೆ ನಮ್ಮಣ್ಣನೇ ಬದಲಾಯಿಸ್ತಾನೆ."

ಬರ್ಕ್ ಬಂತು. ಸಾಲಿನ ಉದ್ದಕ್ಕೂ ಮೂಸಿತು. ಹೊಸ ಜೋಡಿಯ ಎಡಗಾಲಿನದನ್ನು ಎತ್ತಿಕೊಂಡಿತು. ಮಜ್ಲಿಸಿನಲ್ಲಿ ಇಪ್ಪತ್ತೆಂಟು ಮೊಣಕಾಲುಗಳು ಒಮ್ಮೆಲೇ ಬಿಗಿದವು. ಅಣ್ಣು ಕಂಬವನ್ನು ತಬ್ಬಿಕೊಂಡು ನಿಂತ. ಬರ್ಕ್ ಎಲ್ಲರ ಮುಖ ನೋಡಿತು. ಯಾರೂ ಏಳಲಿಲ್ಲ. ಶ್ರೀರಂಗರ ತುಟಿ ಆಡಿತು, ಶಬ್ದ ಬರಲಿಲ್ಲ. ಬರ್ಕ್ ತಿರುಗಿ ಮರಗಳ ಕಡೆ ಹೊರಟಿತು.

ಆಗ ಮಜ್ಲಿಸಿನ ಒಳಗಿನಿಂದ, ಒಂಟೆ ಹೊಡೆಯುವವರ ಹಳೆಯ ರಾಗದಲ್ಲಿ, ನಡುಗುವ ದನಿಯೊಂದು ಕೇಳಿತು:

"ಹದಿನೇಲೊನ್ಲ ಹದಿನೇಲೂ..."

ಶಾಯಿಬ್ ಕಣ್ಣುಮುಚ್ಚಿದ್ದರು. ಕೋಲಿನಿಂದ ನೆಲಕ್ಕೆ ತಾಳ ಹಾಕುತ್ತಿದ್ದರು. ಮೂವತ್ತನಾಲ್ಕು ಬಂತು, ಐವತ್ತೊಂದು ಬಂತು. ಬರ್ಕ್ ಮರಗಳ ಹತ್ತಿರದಿಂದ ಹಿಂದಿರುಗಿತು. ಹೊಸ್ತಿಲಲ್ಲಿ ಕೂತಿತು. ಚಪ್ಪಲಿಯನ್ನು ಕೆಳಗಿಟ್ಟು ಮೂಗಿನಿಂದ ಅದರ ಜೋಡಿಯ ಕಡೆಗೆ ನೂಕಿತು. ಹದಿನೇಳೇಳ್ಲ ಎಂಬಲ್ಲಿ ಶಾಯಿಬ್, ಬರ್ಕ್ ಇಬ್ಬರೂ ಒಟ್ಟಿಗೆ ಮೇಲೇರಿದರು. ಹದಿನಾಲ್ಕು ಹಿರಿಯರು, "ಅಲ್ಲಾಹ್! ಅಲ್ಲಾಹ್!" ಎಂದು ತಲೆದೂಗಿದರು.

ಗುರುವಾರ ಬೆಳಿಗ್ಗೆ ನಿರ್ದೇಶಕರು ನನ್ನನ್ನು ಕರೆದರು. ಶ್ರೀರಂಗರು ಹೊರಗೆ ಬೆಂಚಿನ ಮೇಲೆ ಕೂತಿದ್ದರು.

"ಬರೆ. ಶ್ರೀರಂಗನಿಗೆ ಹನ್ನೆರಡು ದಿನದ ರಜೆ ಮಂಜೂರಾಗಿದೆ," ಎಂದರು. ಆಮೇಲೆ ನಿಲ್ಲಿಸಿದರು. "ಹೃದಯ ವಿಭಾಗಕ್ಕೆ ರಜೆ ಇಲ್ಲ ಎಂದು ಸುತ್ತೋಲೆ ಹೊರಡಿಸಿದ್ದು ಯಾರು?"

"ತಾವೇ."

"ನನ್ನ ಸುತ್ತೋಲೆಯನ್ನು ನಾನೇ ಮುರಿದರೆ ಯಾರು ಮರ್ಯಾದೆ ಕೊಡುತ್ತಾರೆ?" ಎಂದು ಮೇಜಿನ ಮೇಲೆ ಬಂಗಾರದ ಅಂಚಿನ ಕಾರ್ಡನ್ನು ಇಟ್ಟರು. "ನಾಯಿ ವಿಭಾಗಕ್ಕೆ ರಜೆ ಇಲ್ಲ ಎಂದು ಏನಾದರೂ ಸುತ್ತೋಲೆ ಇದೆಯೋ?"

"ಇಲ್ಲ."

"ಹಾಗಾದರೆ ಕಾರ್ಡಿನಲ್ಲಿ ಇದ್ದ ಹಾಗೆಯೇ ಬರೆ. ನಾಲಿಗೆಯ ಕ." ಮುಖದಲ್ಲಿ ನಗುವಿರಲಿಲ್ಲ. ಮೀಸೆ ಮಾತ್ರ ಒಂದು ಕೂದಲಿನಷ್ಟು ಅಲುಗಿತು. ಸಹಿ ಹಾಕಿ ಮೊಹರು ಒತ್ತಿದರು.

ಕಾಗದ ಕೈಗೆ ಬಂದಾಗ ಶ್ರೀರಂಗರ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಂಡು ಅಕ್ಷರಗಳ ಮೇಲೆ ಬೆರಳಾಡಿಸಿದರು. ಮೂರು ದಿನದಲ್ಲಿ ಅವರು ಕಲಿತದ್ದು ಅರಬ್ಬಿಯ ಎರಡೇ ಅಕ್ಷರ, ದುರದೃಷ್ಟವಶಾತ್ ಅವೆರಡೇ. ಬೆರಳು ನಿಂತಿತು.

"ನೂರಣ್ಣಾ, ಇದು ನಾಲಿಗೇದಲ್ವಾ?"

"ಹೌದು."

"ತಪ್ಪಾಗಿದೆ ಕಣ್ರೀ! ನಾನು ನಾಯಿ ಅಲ್ಲ, ಹೃದಯ! ಬೀಗರ ತಮ್ಮ ಕುವೈತಲ್ಲಿ ಇದ್ದೋರು, ಅರಬ್ಬಿ ಓದ್ತಾರೆ. ಕಾಗದ ತೋರ್ಸಿ ಅಂದ್ರೆ ಏನ್ ಗತಿ?" ಅವರು ಜೇಬಿನಿಂದ ಪೆನ್ನು ತೆಗೆದು ನನ್ನ ಕೈಯಲ್ಲಿಟ್ಟರು. "ಒಂದೇ ಅಕ್ಷರ. ತಿದ್ದಿಬಿಡಿ. ನೀವು ಯಾವತ್ತೂ ಯಾರಿಗೂ ಇಲ್ಲ ಅಂದೋರಲ್ಲ."

ಅದು ನಿಜ. ಅಕ್ಷರ ತಪ್ಪಿದರೆ ಉಸ್ತಾದರ ಬೆತ್ತ ಇಂದಿಗೂ ನನ್ನ ಬೆನ್ನಿನಲ್ಲಿ ಚುರುಗುಟ್ಟುತ್ತದೆ. ಆದರೆ ಇಲ್ಲಿ ಗಂಟಲಿನ ಕ ಹಾಕಿದರೆ ಸುತ್ತೋಲೆ ಅಡ್ಡ ಬಂದು ರಜೆಯೇ ಹೋಗುತ್ತದೆ. ನಾನು ಪೆನ್ನಿಗೆ ಮುಚ್ಚಳ ಹಾಕಿದೆ. ಅವರ ಜೇಬಿಗೆ ಸಿಕ್ಕಿಸಿದೆ.

"ತಿದ್ದುವುದಿಲ್ಲ," ಎಂದೆ.